ಎಡಗೈಯವರ ರೈಫಲ್

ಮಿಸ್ತ್ರಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೂರನೆಯ ದಿನ. ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದಾಗ ಬೆಳಗಿನ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದರಂತೆ. ಬೈಲಹೊಂಗಲ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವನು ಹೇಳಿದ: “ನಿಮ್ಮ ಬಂದೂಕಿನ ಮಿಸ್ತ್ರಿ ಹೋದ್ರಲ್ರಿ.” ‘ನಿಮ್ಮ’ ಎಂದದ್ದು ನನಗೆ ಚುಚ್ಚಿತು. ಅವರ ಬಂದೂಕು ಹೋದದ್ದೇ ನನ್ನಿಂದ ಎಂದು ಪಾಪ ಅವನಿಗೇನು ಗೊತ್ತು.

ಬಂದೂಕು ಹೋದ ದಿನಗಳಲ್ಲಿ ನಾನು ನಮ್ಮ ಭಾಗದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಬರೆಯುವುದಿಲ್ಲ, ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಬಂದೂಕಿನ ಪರವಾನಿಗೆಯ ಕಾಗದಗಳೆಲ್ಲ ನನ್ನ ಮೇಜಿನ ಮೇಲೆ ಹಾಯ್ದೇ ಮುಂದೆ ಹೋಗಬೇಕಿತ್ತು. ಇಡೀ ನೌಕರಿಯಲ್ಲಿ ನಾನು ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೂ ಕಿತ್ತೂರಿನಿಂದ ಸವದತ್ತಿಯವರೆಗೆ ಯಾರ ಮನೆಯಲ್ಲಿ ಯಾವ ಬಂದೂಕು ಇದೆ, ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಆ ಕಾರಣಕ್ಕೆ ನನ್ನನ್ನು ನಾನೇ ದೊಡ್ಡ ಮನುಷ್ಯನೆಂದು ತಿಳಿದುಕೊಂಡಿದ್ದೆ.

ಮಿಸ್ತ್ರಿ ಮೊದಲ ಸಲ ಬಂದದ್ದು ಒಂದು ಅರ್ಜಿ ಹಿಡಿದು. ಎತ್ತರದ ಆಳು, ಬಿಳಿ ಟೋಪಿ, ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಉಕ್ಕಿನ ಅಳತೆಪಟ್ಟಿ. ಒಂದು ರೈಫಲನ್ನು ಸ್ವಂತ ಕೈಯಿಂದ ತಯಾರಿಸಲು ಅನುಮತಿ ಬೇಕಂತೆ. ಅದೂ ಎಂಥಾದ್ದು? ಒಂದು ತೋಟಾ ಹಾರಿದ ಕೂಡಲೇ ಅದರ ಬಲದಿಂದಲೇ ಖಾಲಿ ತೋಟಾ ಹೊರಗೆ ಬಿದ್ದು, ಮುಂದಿನದು ತಾನೇ ಒಳಗೆ ಕೂರುವಂಥಾದ್ದು. ಅರ್ಜಿಯನ್ನು ನಾನು ಎರಡು ಸಲ ಓದಿದೆ. ಅಕ್ಷರಗಳು ಮುತ್ತಿನಂತಿದ್ದವು.

“ಯಾತಕ್ಕ ಬೇಕ್ರಿ ಇದು?” ಎಂದೆ.

“ಮಾಡಿ ನೋಡಾಕ್ರಿ.”

“ಹಂಗ ಬರದ್ರ ನಡಿಯೂದಿಲ್ರಿ. ಬೆಳಿ ಕಾಯಾಕ ಅಂತ ಬರೀರಿ. ಕಿತ್ತೂರ ಕಡೆ ಹಂದಿ ಕಾಟ ಭಾಳ ಐತಿ.”

“ನನಗ ಹೊಲಾನ ಇಲ್ಲಲ್ರಿ.”

“ಹಂಗಾರ ಜೀವಕ್ಕ ಅಪಾಯ ಐತಿ ಅಂತ ಬರೀರಿ.”

ಅವರು ನಿಜವಾಗಿಯೂ ಯೋಚನೆ ಮಾಡಿದರು. ತಮ್ಮನ್ನು ಕೊಲ್ಲುವಷ್ಟು ಪುರುಸೊತ್ತು ಇರುವವರು ಊರಲ್ಲಿ ಯಾರಿದ್ದಾರೆ ಎಂದು ಒಬ್ಬೊಬ್ಬರನ್ನೇ ನೆನಪಿಸಿಕೊಂಡಂತೆ ಕಂಡಿತು. ಆಮೇಲೆ, “ಯಾರೂ ಇಲ್ರಿ,” ಎಂದರು.

ಅರ್ಜಿ ತಿರಸ್ಕೃತವಾಯಿತು. ಅಂಥ ರೈಫಲನ್ನು ಖಾಸಗಿ ಮನುಷ್ಯ ಇಟ್ಟುಕೊಳ್ಳುವುದಕ್ಕೇ ಬರುವುದಿಲ್ಲ, ಇನ್ನು ಮಾಡುವ ಮಾತೆಲ್ಲಿ? ಅವರು ಬೇಸರಪಟ್ಟುಕೊಳ್ಳಲಿಲ್ಲ. ಮರುವರ್ಷ ಯುಗಾದಿ ಮುಗಿದ ಮೇಲೆ ಮತ್ತೊಂದು ಅರ್ಜಿ ತಂದರು. ಕಾರಣದ ಕಾಲಮಿನಲ್ಲಿ ಅದೇ ಉತ್ತರ: ‘ಮಾಡಿ ನೋಡಲು.’ ಹೀಗೆ ಒಂಬತ್ತು ವರ್ಷ ನಡೆಯಿತು. ನಮ್ಮ ಕಚೇರಿಯಲ್ಲಿ ತಪ್ಪದೆ ನಡೆಯುತ್ತಿದ್ದ ಕೆಲಸಗಳಲ್ಲಿ ಅವರ ಅರ್ಜಿಯ ತಿರಸ್ಕಾರವೂ ಒಂದು.

ಸಂಪಗಾಂವ ರಸ್ತೆಗೆ ಅವರ ಲೇಥ್ ಅಂಗಡಿ. ಕಬ್ಬಿನ ಗಾಣದ ದಂಡ, ಹತ್ತಿ ಮಿಲ್ಲಿನ ರೋಲರು, ಟ್ರ್ಯಾಕ್ಟರಿನ ಪಿನ್ನು, ಏನು ಕೊಟ್ಟರೂ ತಿರುಗಿಸಿ ಕೊಡುತ್ತಿದ್ದರು. ಕಚೇರಿಯ ಕಪಾಟಿನ ಕೀಲಿ ಕಳೆದಾಗ ಹೊಸದು ಮಾಡಿಸಲು ಹೋಗಿದ್ದೆ. ಹೋದವನು ಎರಡು ತಾಸು ಕೂತೆ. ಆಮೇಲೆ ವಾರಕ್ಕೊಮ್ಮೆಯಾದರೂ ಸಂಜೆ ಅಲ್ಲಿ ಹೋಗಿ ಚಹಾ ಕುಡಿಯುವುದು ರೂಢಿಯಾಯಿತು. ಅರ್ಜಿ ತಿರಸ್ಕರಿಸುವವನು ಮತ್ತು ಅರ್ಜಿದಾರ ಹೀಗೆ ದೋಸ್ತರಾದದ್ದನ್ನು ಕಂಡು ಅವರ ಹೆಂಡತಿಗೆ ನಗು. “ನಿಮ್ಮ ಸರಕಾರ ಬಂತ ನೋಡ್ರಿ,” ಎಂದು ಗಂಡನಿಗೆ ಕೂಗಿ ಹೇಳಿ ಒಳಗೆ ಹೋಗುತ್ತಿದ್ದರು.

ರೈಫಲಿನ ಹುಚ್ಚು ಎಲ್ಲಿಂದ ಹಿಡಿಯಿತೆಂದು ಒಮ್ಮೆ ಕೇಳಿದೆ. ವಯಸ್ಸಿನಲ್ಲಿ ಒಂದಿಷ್ಟು ವರ್ಷ ಅವರು ದಂಡಿನವರ ಒಂದು ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರಂತೆ. ಅಲ್ಲಿ ಒಬ್ಬ ಹವಾಲ್ದಾರ ಇಂಥ ರೈಫಲೊಂದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ್ದನ್ನು ನೋಡಿದರು. ಆಮೇಲೆ ಒಂದು ದಿನ ಗುರಿ ಹೊಡೆದು ಕಲಿಯುವ ಚಾಂದಮಾರಿ ಬಯಲಿನಲ್ಲಿ ಇವರ ಕೈಗೂ ಕೊಟ್ಟರಂತೆ. ಮಿಸ್ತ್ರಿ ಎಡಗೈಯವರು. ಎಡ ಹೆಗಲಿಗೆ ಇಟ್ಟು ಹಾರಿಸಿದರು. ಬಲಗಡೆಗೆ ಸಿಡಿದ ಖಾಲಿ ತೋಟಾ ಕಣ್ಣಿನ ಮುಂದೆಯೇ ಹಾಯ್ದು, ಕಾದ ಹಿತ್ತಾಳೆ ಕೆನ್ನೆಗೆ ಅಂಟಿತು.

“ಎಲ್ಲಾ ಬಲಗೈಯವರ ಸಲುವಾಗಿ ಮಾಡ್ಯಾರ್ರಿ,” ಎಂದು ಕೆನ್ನೆಯ ಮೇಲಿನ ಚಿಕ್ಕ ಕಲೆಯನ್ನು ತೋರಿಸಿದರು. “ಎಡಕ್ಕ ಒಗಿಯೂದು ಒಂದಾದ್ರೂ ಇರಬೇಕಲ್ರಿ ಜಗತ್ತಿನ್ಯಾಗ?”

ಆ ಒಂದನ್ನು ಅವರು ಮಾಡಿಯೂ ಬಿಟ್ಟಿದ್ದರು, ಆದರೆ ಕಟ್ಟಿಗೆಯಲ್ಲಿ. ಕಬ್ಬಿಣದಲ್ಲಿ ಮಾಡಲು ಸರಕಾರದ ಅನುಮತಿ ಬೇಕು, ಸಾಗವಾನಿಯಲ್ಲಿ ಮಾಡಲು ಬೇಡ ಎಂದು ಅವರ ಲೆಕ್ಕ. ನಳಿಗೆ ಸಾಗವಾನಿ, ಒಳಗಿನ ಕೊಂಡಿ, ಗುಂಡು ಹಾರಿಸುವ ಕುದುರೆ ಎಲ್ಲ ಜಾಲಿ, ನಡುವೆ ಒಂದೆರಡು ಸಣ್ಣ ಸ್ಪ್ರಿಂಗು. ಹಿಂಬದಿಯ ಹಿಡಿಕೆ ಅವರ ಎಡ ಹೆಗಲಿಗೆ ಅಳತೆ ಹಿಡಿದು ಕೆತ್ತಿದ್ದು. ನಾನು ಹೆಗಲಿಗೇರಿಸಿದರೆ ಗದ್ದಕ್ಕೆ ಬಡಿಯುತ್ತಿತ್ತು. ಹಿಂದಕ್ಕೆಳೆದು ಬಿಟ್ಟರೆ ಟಕ್ಕೆಂದು ಕಟ್ಟಿಗೆಯ ತೋಟಾ ಒಳಗೆ ಹೋಗುತ್ತದೆ, ಮತ್ತೆ ಎಳೆದರೆ ಎಡಗಡೆಗೆ ಹೊರಗೆ ಹಾರುತ್ತದೆ, ಮುಂದಿನದು ಮೇಲೆ ಬಂದು ನಿಲ್ಲುತ್ತದೆ. ಅದನ್ನು ತೋರಿಸುವಾಗಲೆಲ್ಲ ನನ್ನನ್ನು ಕೆಣಕುತ್ತಿದ್ದರು: “ನಿಮ್ಮ ಕಚೇರಿಯೊಳಗ ಒಂದು ಫೈಲ್ ಹೋದ್ರ ಇನ್ನೊಂದು ಹಿಂಗ ತಾನ ಬರತೈತೇನ್ರಿ?”

ನಾನದನ್ನು ಎಷ್ಟು ಸಲ ಎತ್ತಿಕೊಂಡಿದ್ದೇನೋ, ಎಷ್ಟು ಸಲ ಎಳೆದು ಬಿಟ್ಟಿದ್ದೇನೋ, ಲೆಕ್ಕವಿಲ್ಲ. ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ತೋಟಾ ತುಂಬುವುದು ಇನ್ನೊಂದು ಸಂಭ್ರಮ. ಹುಣಸೆ ಕಟ್ಟಿಗೆಯ ತೋಟಾಗಳನ್ನು ಲೇಥಿನ ಮೇಲೆ ತಿರುಗಿಸಿ, ಒಳಗೆ ಟೊಳ್ಳು ಮಾಡಿ, ಮದ್ದಿನ ಬದಲು ಸಾಸಿವೆ ತುಂಬುತ್ತಿದ್ದರು. ಅದಕ್ಕೆಂದೇ ಪತ್ತಾರರ ಹಳೆಯ ತಕ್ಕಡಿಯೊಂದನ್ನು ಸಂಪಾದಿಸಿದ್ದರು. ತೂಕಕ್ಕೆ ಗುಲಗಂಜಿ. ಎಲ್ಲ ತೋಟಾಗಳೂ ಒಂದೇ ತೂಕಕ್ಕೆ ಬರಬೇಕು. ಬರದಿದ್ದರೆ ಬಿರಟೆ ತೆಗೆದು, ಚಿಮಟಿಗೆಯಿಂದ ಒಂದೋ ಎರಡೋ ಸಾಸಿವೆ ಕಾಳು ಹೊರಗೆ ತೆಗೆಯುತ್ತಿದ್ದರು.

“ಎಂದೂ ಹಾರಿಸೂದಿಲ್ಲ, ಒಂದು ಕಾಳು ಹೆಚ್ಚಾದ್ರ ಏನಾಕ್ಕೈತ್ರಿ?” ಎಂದು ನಾನು ನಕ್ಕರೆ, “ಹಾರಿಸೂದು ಬ್ಯಾರೇದವರ ಕೆಲಸ. ತುಂಬೂದು ನಂದು. ತುಂಬಿದ್ದು ತಪ್ಪಿರಬಾರದು,” ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಗದೆ ಅವರ ಹೆಂಡತಿ ಅಂಗಡಿಗೆ ಬಂದು, ಹತ್ತು ತೋಟಾ ಬಿಚ್ಚಿಸಿ ಒಯ್ದದ್ದನ್ನು ನಾನೇ ನೋಡಿದ್ದೇನೆ.

ನಿಜವಾದ ಬಂದೂಕೂ ಒಂದಿತ್ತು. ಅವರ ಅಪ್ಪನದು, ಮೂತಿಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಹಳೆಯ ಕಾಲದ್ದು. ಹೊಲ ಇದ್ದ ಕಾಲದಲ್ಲಿ ಪರವಾನಿಗೆ ಸಿಕ್ಕಿತ್ತು. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು, ಬಂದೂಕು ಇವರಿಗೆ ಬಂತು. ಅಪ್ಪನ ನೆನಪಿಗೆ ಮನೆಯಲ್ಲಿ ಇದ್ದದ್ದು ಅದೊಂದೇ, ಫೋಟೋ ಕೂಡ ಇರಲಿಲ್ಲ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಲೇಥು, ಸುತ್ತಿಗೆ, ಅಡಕೊತ್ತಿನ ನಡುವೆ ಅದನ್ನು ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಉದ್ದಕ್ಕೆ ಬಿದ್ದು ನಮಸ್ಕಾರ ಮಾಡುತ್ತಿದ್ದರು.

ಒಂದು ವರ್ಷ ಚುನಾವಣೆ ಬಂದು, ಪದ್ಧತಿಯಂತೆ ಎಲ್ಲರ ಬಂದೂಕುಗಳೂ ಪೊಲೀಸ್ ಠಾಣೆಗೆ ಜಮಾ ಆದವು. ನಡುವೆ ಖಂಡೇಪೂಜೆ ಬಂತು. ಮಿಸ್ತ್ರಿ ಬಾಳೆಹಣ್ಣು, ಕಾಯಿ, ಊದಿನಕಡ್ಡಿ ಹಿಡಿದು ಠಾಣೆಗೆ ಹೋದರು. ಕೋಣೆಯ ಬೀಗ ತೆಗೆಯಲು ಬರುವುದಿಲ್ಲವೆಂದು ಪೊಲೀಸರು, ತೆಗೆಯುವುದು ಬೇಡ, ಬಾಗಿಲಿಗೆ ಮಾಡುತ್ತೇನೆಂದು ಇವರು. ಬೀಗಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಮಾಡಿದರು. ನೋಡುತ್ತಿದ್ದ ಪೇದೆಯೊಬ್ಬ ತನ್ನ ಲಾಠಿಯನ್ನೂ ತಂದು ಬಾಗಿಲಿಗೆ ಆನಿಸಿದ. ಇನ್ನೊಬ್ಬ ಜೀಪಿನ ಕೀಲಿ ತಂದ. ಕೊನೆಗೆ ದೊಡವಾಡದ ಕಡೆಯ, ಬಂದೂಕು ಜಮಾ ಮಾಡಿದ್ದ ಗೌಡರಿಬ್ಬರೂ ಸುದ್ದಿ ಕೇಳಿ ಕಾಯಿ ಹಿಡಿದು ಬಂದರಂತೆ. ಠಾಣೆಯಲ್ಲಿ ಅಂದು ಎಲ್ಲರಿಗೂ ಪ್ರಸಾದ.

ಇಂಥ ಮನುಷ್ಯನ ಪರವಾನಿಗೆ ನವೀಕರಣಕ್ಕೆ ಬಂತು. ಹಿಂದೆ ಎಷ್ಟೋ ಸಲ ಆಗಿದ್ದೇ. ಆದರೆ ಆ ಸಲ ಬಂದ ಹೊಸ ನಮೂನೆಯ ಅರ್ಜಿಯಲ್ಲಿ, ಆಯುಧದಲ್ಲಿ ಏನಾದರೂ ಬದಲಾವಣೆ ಆಗಿದೆಯೇ, ಬೇರೆ ಆಯುಧ ಇದೆಯೇ ಎಂಬ ಪ್ರಶ್ನೆಗಳಿದ್ದವು. ಎಲ್ಲರೂ ‘ಇಲ್ಲ’ ಎಂದು ಬರೆಯುತ್ತಾರೆ. ಮಿಸ್ತ್ರಿ ಬೇರೆ ಹಾಳೆ ಜೋಡಿಸಿದ್ದರು. ಅದರಲ್ಲಿ ಹೀಗಿತ್ತು: ಬಂದೂಕಿನ ಕಮಾನು, ಅಂದರೆ ಸ್ಪ್ರಿಂಗು, ಸವೆದಿದ್ದರಿಂದ ಹೊಸ ಕಮಾನನ್ನು ನಾನೇ ಮಾಡಿ ಹಾಕಿದ್ದೇನೆ, ಮೊದಲಿನದಕ್ಕಿಂತ ಚಲೋ ಆಗಿದೆ. ಅಲ್ಲದೆ ನನ್ನ ಬಳಿ ತಾನೇ ತುಂಬಿಕೊಳ್ಳುವ ರೈಫಲ್ ಒಂದಿದೆ, ಅದು ಕಟ್ಟಿಗೆಯದು.

ಆ ಹಾಳೆಯನ್ನು ಬೇರೆ ಮಾಡಿ ಅವರ ಮುಂದೆ ಇಟ್ಟೆ. “ಮಿಸ್ತ್ರಿ, ಈ ಒಂದು ಹಾಳಿ ತಗೀರಿ. ಇದು ಮ್ಯಾಲ ಹೋತಂದ್ರ ನಿಮ್ಮಪ್ಪನ ಬಂದೂಕು ಮನ್ಯಾಗ ಉಳಿಯೂದಿಲ್ಲ.”

“ಕೇಳ್ಯಾರಲ್ರಿ. ಕೇಳಿದ್ದಕ್ಕ ಹೇಳೇನಿ.”

“ಅವರು ಕೇಳತಾರ್ರಿ, ನಾವು ಇಲ್ಲ ಅಂತೀವಿ. ಹಂಗ ನಡದೈತಿ.”

“ತಪ್ಪು ಬರದು ಕೆಳಗ ಸಹಿ ಹ್ಯಾಂಗ ಮಾಡ್ಲಿ?” ಎಂದು ಅವರು ನನ್ನನ್ನೇ ಕೇಳಿದರು. ಸಿಟ್ಟಿನಿಂದಲ್ಲ. ಸಹಿಯ ವಿಷಯದಲ್ಲಿ ನನಗೆ ಅವರಿಗಿಂತ ಹೆಚ್ಚು ತಿಳಿದಿರುತ್ತದೆಂದು ನಿಜವಾಗಿ ನಂಬಿದ್ದರು.

ಆ ಹಾಳೆಯನ್ನು ನಾನೇ ಕಿತ್ತು ಹಾಕಬಹುದಿತ್ತು. ಗುಮಾಸ್ತರ ಕೈಯಲ್ಲಿ ಕಳೆದುಹೋದ ಹಾಳೆಗಳಿಗೆ ಲೆಕ್ಕ ಇಟ್ಟವರು ಯಾರು? ಆದರೆ ಆಗಷ್ಟೇ ಪಕ್ಕದ ಮೇಜಿನವನು ಇಂಥದ್ದಕ್ಕೇ ಅಮಾನತ್ತಾಗಿದ್ದ. ನನಗೆ ನಿವೃತ್ತಿಗೆ ಎರಡು ವರ್ಷ. ಹೆದರಿದೆ. ಕಡತದ ಮೇಲೆ ಟಿಪ್ಪಣಿ ಬರೆದೆ: ‘ಅರ್ಜಿದಾರರು ಇನ್ನೊಂದು ರೈಫಲ್ ಹೊಂದಿರುತ್ತಾರೆ. ಅದು ಕಟ್ಟಿಗೆಯದೆಂದು ಅವರ ಹೇಳಿಕೆ ಮಾತ್ರ ಇದ್ದು, ಈ ಶಾಖೆಯವರು ಅದನ್ನು ನೋಡಿರುವುದಿಲ್ಲ. ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ.’

ಈ ಶಾಖೆಯವರು ಅಂದರೆ ನಾನು ಒಬ್ಬನೇ.

ಹದಿನೈದು ದಿನದಲ್ಲಿ ಜೀಪು ಬಂತು. ಪಂಚರನ್ನು ಕೂಡಿಸಿ, ಸಾಗವಾನಿ ರೈಫಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು. ಪಂಚನಾಮೆಯಲ್ಲಿ ‘ಸ್ವಯಂಚಾಲಿತ ಮಾದರಿಯ ರೈಫಲ್ ಒಂದು, ತೋಟಾ ನಲವತ್ತು, ತೋಟಾಗಳಲ್ಲಿ ಕಂದು ಬಣ್ಣದ ಅನುಮಾನಾಸ್ಪದ ಕಾಳು’ ಎಂದು ಬರೆದರು. ಬರೆಯುವವನಿಗೆ ಮಿಸ್ತ್ರಿಯೇ ರೈಫಲಿನ ಉದ್ದ, ದಪ್ಪ ಎಲ್ಲ ಹೇಳಿಕೊಟ್ಟರಂತೆ. ಅವನು ಟೇಪು ಸೊಟ್ಟ ಹಿಡಿದಿದ್ದನಂತೆ, ತಿದ್ದಿದರಂತೆ. ಒಮ್ಮೆ ‘ರೈಫಲ್’ ಎಂದು ದಾಖಲಾದ ಮೇಲೆ ಅದನ್ನು ‘ಕಟ್ಟಿಗೆ’ ಎನ್ನಲು ಯಾರಿಗೂ ಅಧಿಕಾರವಿರಲಿಲ್ಲ. ತಜ್ಞರ ಪರೀಕ್ಷೆಗೆ ಹೋಯಿತು. ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳೂ ನಾನು ಅವರ ಅಂಗಡಿಗೆ ಹೋಗಲಿಲ್ಲ. ಕೆಲಸ ಬಹಳ ಎಂದು ಹೇಳಿಕೊಂಡೆ. ನಮ್ಮ ಕಚೇರಿಯಲ್ಲಿ ಯಾರಿಗಾದರೂ ಕೆಲಸ ಬಹಳ ಇದ್ದದ್ದನ್ನು ನಾನು ಕಂಡವನಲ್ಲ.

ವರದಿ ಬಂದ ಮೇಲೆ ವಿಚಾರಣೆ. ಆಗಿನ ನಮ್ಮ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರು, ಊಟದ ಹೊತ್ತಿನೊಳಗೆ ಎಲ್ಲವೂ ಮುಗಿಯಬೇಕು ಎನ್ನುವವರು. ವರದಿಯನ್ನು ಗಟ್ಟಿಯಾಗಿ ಓದಿದರು. ಸದರಿ ವಸ್ತು ಕಟ್ಟಿಗೆಯದಾಗಿದ್ದು ಗುಂಡು ಹಾರಿಸಲು ಬರುವುದಿಲ್ಲ. ಕಾಳುಗಳು ಸಾಸಿವೆ. ಆದರೆ ತೋಟಾ ತುಂಬುವ, ಹೊರಹಾಕುವ ಕ್ರಿಯೆ ಎಲ್ಲ ರೀತಿಯಿಂದಲೂ ಸರಿಯಾಗಿದೆ. ಖಾಲಿ ತೋಟಾ ಎಡಕ್ಕೆ ಬೀಳುವಂತೆ ರಚಿಸಲಾಗಿದ್ದು, ಇಂಥ ಕುಶಲ ರಚನೆ ಈವರೆಗೆ ನಮ್ಮ ಪರೀಕ್ಷೆಗೆ ಬಂದಿಲ್ಲ.

ಮಿಸ್ತ್ರಿ ಎದ್ದು ನಿಂತರು. “ಕಡೀ ಸಾಲು ಇನ್ನೊಮ್ಮೆ ಓದ್ರಿ ಸಾಹೇಬ್ರ.”

ಸಾಹೇಬರು ಓದಿದರು. ಆಮೇಲೆ ಕನ್ನಡಕ ತೆಗೆದು, “ನೋಡಿ ಯಜಮಾನ್ರೇ, ಕೇಸೇನೂ ಇಲ್ಲ. ಇದು ಆಟದ ಸಾಮಾನು, ಮೊಮ್ಮಕ್ಕಳಿಗೆ ಮಾಡಿದ್ದು ಅಂತ ಒಂದು ಸಾಲು ಬರ್ದು ಸಹಿ ಹಾಕ್ಬಿಡಿ. ನಿಮ್ಮ ತಂದೆಯವರ ಬಂದೂಕಿನ ಲೈಸೆನ್ಸು ಈಗ್ಲೇ ರಿನ್ಯೂ ಮಾಡ್ತೀನಿ,” ಎಂದರು.

“ಮೊಮ್ಮಗಳು ಒಬ್ಬಾಕೀನ ಅದಾಳ್ರಿ. ಆಕಿ ಡಾಕ್ಟರಕಿ ಕಲಿಯಾಕ ಹತ್ಯಾಳ.”

“ಅಯ್ಯೋ, ಬರೀರಿ ಅಷ್ಟೇ. ಯಾರು ಹೋಗಿ ನೋಡ್ತಾರೆ?”

“ಆಟಿಗಿ ಸಾಮಾನು ಅಲ್ರಿ ಅದು.”

“ಮತ್ತೇನು, ರೈಫಲ್ಲಾ? ರೈಫಲ್ ಅಂದ್ರೆ ಅನುಮತಿಯಿಲ್ಲದೆ ಅದನ್ನ ತಯಾರಿಸಿದ ಹಾಗಾಯ್ತು. ಅಂಥೋರ ಕೈಲಿ ನಾನು ಬಂದೂಕು ಬಿಡೋಕಾಗಲ್ಲ. ನಿಮ್ಮ ತಂದೇದು ಹೋಗುತ್ತೆ, ಯೋಚ್ನೆ ಮಾಡಿ.”

ನಾನು ಸಾಹೇಬರ ಹಿಂದೆ ನಿಂತು ಕಣ್ಣಿನಿಂದಲೇ ಬೇಡಿಕೊಂಡೆ. ಅಪ್ಪನ ಬಂದೂಕಿನ ಮಾತು ಬಂದಾಗ ಮಿಸ್ತ್ರಿಯ ಎಡಗೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಆಮೇಲೆ ನಿಧಾನವಾಗಿ ಹೇಳಿದರು: “ಇಪ್ಪತ್ತು ವರ್ಷ ಮಾಡೇನ್ರಿ ಅದನ್ನ. ಆಟಿಗಿ ಅಂತ ನಾನ ಬರದು ಸಹಿ ಮಾಡಿದ್ರ, ಇಪ್ಪತ್ತು ವರ್ಷ ಏನ ಮಾಡಿದಂಗಾತ್ರಿ?”

ಪರವಾನಿಗೆ ರದ್ದಾಯಿತು. ಬಂದೂಕನ್ನು ಠಾಣೆಗೆ ಒಪ್ಪಿಸುವ ದಿನ ಅದಕ್ಕೆ ಎಣ್ಣೆ ಹಚ್ಚಿ ಒರೆಸಿ, ಹೊಸ ಪಂಜೆಯಲ್ಲಿ ಸುತ್ತಿ, ಮಲಗಿದ ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಿಂದ ಎತ್ತಿಕೊಂಡು ಸಂತೆಯ ನಡುವೆ ನಡೆದು ಹೋದರಂತೆ. ನಾನು ನೋಡಲಿಲ್ಲ. ರಜೆ ಹಾಕಿದ್ದೆ.

ಮುಂದಿನ ವಾರ ಮಿಸ್ತ್ರಿ ಕಚೇರಿಗೆ ಬಂದರು. ಮುಖದ ಮೇಲೆ ಸಿಟ್ಟಿಲ್ಲ, ದುಃಖ ಇತ್ತೋ ಏನೋ, ನನಗೆ ನೇರವಾಗಿ ನೋಡುವ ಧೈರ್ಯವಿರಲಿಲ್ಲ. ತಜ್ಞರ ವರದಿ ಬೇಕೆಂದರು. ಇಡೀ ಕಡತದ ನಕಲನ್ನು ಕೇಳಿದರೆ ಮಾತ್ರ ಅದೂ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಕ್ರಮಪ್ರಕಾರ ಇಡೀ ಕಡತಕ್ಕೆ ಅರ್ಜಿ ಕೊಟ್ಟರು. ಒಟ್ಟು ಇಪ್ಪತ್ತೆರಡು ಪುಟ. ನಕಲು ಮಾಡಿ ಕೊಡಬೇಕಾದವನು ನಾನು.

ಒಂದೊಂದೇ ಪುಟ ಝೆರಾಕ್ಸಿಗೆ ಇಡುತ್ತ ಹೋದಂತೆ ಹದಿನೈದನೆಯದು ಬಂತು. ನನ್ನ ಅಕ್ಷರ. ‘ಈ ಶಾಖೆಯವರು ಅದನ್ನು ನೋಡಿರುವುದಿಲ್ಲ.’ ಕೆಳಗೆ ನನ್ನ ಸಹಿ. ನಾನು ಆ ಪುಟವನ್ನು ಝೆರಾಕ್ಸಿಗೆ ಇಡಲಿಲ್ಲ. ಅವರ ಸಲುವಾಗಿ ತೆಗೆಯಲಾರದೆ ಹೋದವನು ನನ್ನ ಸಲುವಾಗಿ ತೆಗೆದೆ.

ಮಿಸ್ತ್ರಿ ನನ್ನ ಎದುರಿನ ಕುರ್ಚಿಯ ಮೇಲೆ ಕುಳಿತು ಪುಟಗಳನ್ನು ಎಣಿಸಿದರು. ಸಾಸಿವೆ ಎಣಿಸಿದವರಿಗೆ ಇದೇನು ದೊಡ್ಡ ಕೆಲಸ. ಹದಿನಾಲ್ಕು ಆಯಿತು. ಮುಂದಿನದರ ಮೂಲೆಯಲ್ಲಿದ್ದ ಹದಿನಾರು ಎಂಬ ಅಂಕಿಯ ಮೇಲೆ ಹೆಬ್ಬೆರಳು ನಿಂತಿತು. ಹಿಂದಕ್ಕೆ ಹೋದರು, ಮತ್ತೆ ಮುಂದೆ ಬಂದರು.

“ಇಲ್ಲಿ ಒಂದು ಹಾಳಿ ಇಲ್ರಿ,” ಎಂದರು.

“ಅದು ನಮ್ಮ ಒಳಗಿಂದು,” ಎಂದೆ. “ನಿಮಗೇನೂ ಬೇಕಾಗೂದಿಲ್ರಿ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ನಕಲು ಮುಟ್ಟಿದ್ದಕ್ಕೆ ಬರೆದುಕೊಡುವ ರಸೀದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದರಲ್ಲಿ ಅಚ್ಚಾಗಿಯೇ ಇತ್ತು, ಪುಟದ ಅಂಕಿ ಮಾತ್ರ ನಾನು ತುಂಬಿದ್ದು: ‘ಪುಟ ಒಂದರಿಂದ ಇಪ್ಪತ್ತೆರಡರವರೆಗೆ, ಯಾವುದೇ ಪುಟ ಬಿಡದೆ, ಪೂರ್ಣ ನಕಲು ಮುಟ್ಟಿರುತ್ತದೆ.’ ಅವರು ಅದನ್ನು ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದರು. ಅರ್ಥವಾಗಲಿಲ್ಲವೇನೋ ಎಂದು ನಾನು ಹೇಳಲು ಬಾಯಿ ತೆರೆದೆ.

“ತಿಳೀತ್ರಿ,” ಎಂದರು.

ಎಡಗೈಯಿಂದ ಪೆನ್ನು ತೆಗೆದುಕೊಂಡು, ಆ ಸಾಲಿನ ಕೆಳಗೆ, ಮುತ್ತಿನಂಥ ಅಕ್ಷರದಲ್ಲಿ ಸಹಿ ಮಾಡಿದರು.